ಕಡಲೆಕಾಯಿ ಮರ

ನನ್ನ ಗಂಡನದು ತರಕಾರಿ ಅಂಗಡಿ. ಕಲ್ಲಂಗಡಿಯನ್ನು ಬೆರಳಲ್ಲಿ ಒಮ್ಮೆ ತಟ್ಟಿ, ಒಳಗೆ ಕೆಂಪೋ ಬಿಳುಪೋ ಹೇಳಿಬಿಡುತ್ತಾರೆ. ಬದನೆಕಾಯಿಯ ತೊಟ್ಟು ನೋಡಿದರೆ ಸಾಕು, ಕಿತ್ತು ಎಷ್ಟು ದಿನವಾಯಿತೆಂದು ಅವರಿಗೆ ಗೊತ್ತು. ಹೊಲಕ್ಕೆ ಮಾತ್ರ ಜನ್ಮದಲ್ಲಿ ಕಾಲಿಟ್ಟವರಲ್ಲ. ದಿನಾ ಬೆಳಗ್ಗೆ ಲಾರಿಯೇ ಅಂಗಡಿ ಬಾಗಿಲಿಗೆ ಬರುವಾಗ ಆ ಕಷ್ಟ ಯಾಕೆ ಹೇಳಿ!

ಇಂಥವರನ್ನು ಮಗಳ ಶಾಲೆಗೆ ಕರೆದರು. ನಾವು ತಿನ್ನುವುದೆಲ್ಲ ಎಲ್ಲಿಂದ ಬರುತ್ತದೆಂದು ಮೂರನೇ ತರಗತಿಯ ಮಕ್ಕಳಿಗೆ ಹೇಳಿಕೊಡಬೇಕಂತೆ. ‘ನಮ್ಮಪ್ಪನಿಗೆ ಗೊತ್ತಿಲ್ಲದ್ದೇ ಇಲ್ಲ’ ಎಂದು ಮಗಳು ಇಡೀ ತರಗತಿಗೆ ಸಾರಿ ಬಂದಿದ್ದಳು. ಅಂದಿನಿಂದ ಅಪ್ಪ ಮಗಳು ಇಬ್ಬರೂ ನೆಲದಿಂದ ಒಂದು ಗೇಣು ಮೇಲೆಯೇ ನಡೆಯುತ್ತಿದ್ದರು.

ಹಿಂದಿನ ಸಂಜೆ ಬುಟ್ಟಿ ತುಂಬಿಸುತ್ತ ಅಭ್ಯಾಸ ನಡೆಯಿತು. ಹಸಿ ಕಡಲೆಕಾಯಿಯೊಂದನ್ನು ಎತ್ತಿ ಹಿಡಿದು, "ಇದು ಮಕ್ಕಳೇ, ಕೊಂಬೆ ಕೊಂಬೆಗೂ ಗೊಂಚಲು ಗೊಂಚಲಾಗಿ ಬಿಡುತ್ತೆ" ಅಂದರು.

ನಾನು ಹೊಲಗೆಲಸ ಮಾಡುವವರ ಮನೆಯ ಹುಡುಗಿ. "ರೀ, ಅದು ಹಾಗಲ್ಲ..." ಅಂದೆ.

"ಸುಮ್ನಿರೇ. ಹದಿನೈದು ವರ್ಷದಿಂದ ಮಾರ್ತಿದೀನಿ. ನಂಗೇ ಹೇಳಿಕೊಡ್ತೀಯಾ?"

ನನಗೂ ಸಿಟ್ಟು ಬಂತು. ಸುಮ್ಮನಿರು ಅಂದರೆ ಸುಮ್ಮನಿರಲು ನನಗೂ ಬರುತ್ತದೆ. ಬಾಯಿಗೆ ಬೀಗ ಹಾಕಿಕೊಂಡೆ.

ಮರುದಿನ ತಮಾಷೆ ನೋಡಲು ನಾನೂ ಹೋಗಿ ತರಗತಿಯ ಹಿಂದೆ ನಿಂತೆ. ಅವರು ಬೋರ್ಡಿನ ಮೇಲೆ ದಪ್ಪ ಕಾಂಡದ ಮರ ಬರೆದು, ಕೊಂಬೆ ತುಂಬ ಕಡಲೆಕಾಯಿ ನೇತುಹಾಕಿದರು. ಕೀಳುವುದಕ್ಕೆಂದು ಒಂದು ಏಣಿಯನ್ನೂ ಒರಗಿಸಿದರು! ಟೀಚರ್ ಸಹ ತಲೆಯಾಡಿಸುತ್ತ ಬರೆದುಕೊಳ್ಳುತ್ತಿದ್ದರು. ನಗು ತಡೆಯಲಾರದೆ ನಾನು ಬಾಯಿಗೆ ಕೈ ಅಡ್ಡ ಹಿಡಿದೆ.

ಮುಂದಿನ ಬೆಂಚಿನ ಹುಡುಗಿ ಬುಟ್ಟಿಯಿಂದ ಒಂದು ಕಾಯಿ ತೆಗೆದು ತಿರುಗಿಸಿ ತಿರುಗಿಸಿ ನೋಡಿದಳು. "ಅಂಕಲ್, ಅಷ್ಟು ಮೇಲೆ ಬಿಟ್ರೆ ಇದಕ್ಕೆ ಮಣ್ಣು ಹೇಗೆ ಅಂಟ್ತು?"

ಅವರ ಸೀಮೆಸುಣ್ಣ ನಿಂತಿತು. ನನ್ನ ಕಣ್ಣು ಮಗಳ ಮೇಲೆ ಬಿತ್ತು. ಅವಳು ಅಪ್ಪನನ್ನೇ ನೋಡುತ್ತಿದ್ದಳು. ನನ್ನ ನಗು ಎಲ್ಲಿ ಹೋಯಿತೋ. ನಿನ್ನೆ ಬಾಯಿ ಬಿಡದಿದ್ದಕ್ಕೆ ನನ್ನ ಮೇಲೆಯೇ ಕೋಪ ಬಂತು. ಕೆಳಗೆ ಬಿದ್ದಾಗ ಅಂಟಿತು ಅಂದುಬಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ವ್ಯಾಪಾರದ ನಾಲಿಗೆ, ಅಷ್ಟು ಹೇಳುವುದೇನು ಕಷ್ಟ?

ಅವರು ಹಾಗೆ ಹೇಳಲಿಲ್ಲ. "ನಂಗೆ ಗೊತ್ತಿಲ್ಲ ಪುಟ್ಟಿ" ಅಂದರು. "ನಾನು ಮಾರೋನು ಅಷ್ಟೇ. ಇದನ್ನ ಬೆಳೆಯೋರ ಮನೆಯವಳು ಅಲ್ಲಿ ಹಿಂದೆ ನಿಂತಿದಾಳೆ. ನಿನ್ನೆ ಹೇಳೋಕೆ ಬಂದ್ಲು, ನಾನೇ ಬಾಯಿ ಮುಚ್ಚಿಸ್ದೆ."

ತಲೆಗಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದವು. ಮುಂದೆ ಹೋಗಿ ಮರ ಒರೆಸಿದೆ. ಏಣಿ ಒರೆಸಲು ಮಾತ್ರ ಮನಸ್ಸಾಗಲಿಲ್ಲ, ಅಷ್ಟು ಚೆನ್ನಾಗಿ ಬರೆದಿದ್ದರು. ಪಕ್ಕದಲ್ಲಿ ಮೊಳದೆತ್ತರದ ಗಿಡ ಬರೆದೆ. ಹಳದಿ ಹೂವು ಮೇಲೆ ಅರಳುತ್ತದೆ, ಹೂವು ಬಾಡಿದ ಮೇಲೆ ದಾರದಂಥ ತೊಟ್ಟೊಂದು ಕೆಳಗಿಳಿದು ಮಣ್ಣೊಳಗೆ ಹೊಕ್ಕು ಅಲ್ಲಿ ಕಾಯಿ ಕಟ್ಟುತ್ತದೆ ಅಂದೆ.

"ಹೂವು ಮೇಲೆ, ಕಾಯಿ ಕೆಳಗಾ? ಸುಮ್ನೆ ಏನೇನೋ ಹೇಳ್ಬೇಡ!" ಹೀಗೆ ಕೂಗಿದ್ದು ಮಕ್ಕಳಲ್ಲ, ಗೋಡೆಗೆ ಒರಗಿ ನಿಂತಿದ್ದ ನನ್ನ ಗಂಡ.

ಮಗಳು ಎದ್ದು ನಿಂತಳು. ಇನ್ನು ಅಳುತ್ತಾಳೆ ಅಂದುಕೊಂಡೆ. ಅವಳು ಪಕ್ಕದವಳನ್ನು ಒಂದಿಷ್ಟು ಸರಿಸಿ ಬೆಂಚಿನಲ್ಲಿ ಜಾಗ ಮಾಡಿದಳು.

"ಅಪ್ಪಾ, ಬಾ, ಇಲ್ಲಿ ಕೂತ್ಕೋ. ಅಮ್ಮ ಮೊದಲಿಂದ ಹೇಳ್ತಾಳೆ."

ಮೊಣಕಾಲು ಗದ್ದಕ್ಕೆ ತಾಗುವಂತೆ ಮಡಿಸಿಕೊಂಡು ಅವರು ಅವಳ ಪಕ್ಕ ಕೂತರು.