ಆಯಿಯ ದನಿಗೆ ಹಾಕಿದ ಕೊಳಲು

ನಳದ ನೀರು ಕೊಡದ ಕಂಠಕ್ಕೆ ಬರುವ ಹೊತ್ತಿಗೇ ಫೋನು ಟಿಣ್ ಎಂದಿತು, ಮೈತ್ರಿ ಒದ್ದೆ ಕೈ ಸೆರಗಿಗೆ ಒರೆಸುತ್ತ ನೋಡಿದಳು — ಇಂದು ಸಂಜೆಯೊಳಗೆ ಆ ಸಂಗೀತ ತೆಗೆಯದಿದ್ದರೆ ನಿಮ್ಮ ಪಾಡ್‌ಕಾಸ್ಟ್ ಕಂತನ್ನು ಅಳಿಸಲಾಗುವುದು — ಮೂರನೇ ಸಲ ಅದೇ ಮಾತು, ನೀರು ಉಕ್ಕಿ ಫರ್ಸಿಕಲ್ಲಿನ ಮೇಲೆ ಹರಿಯುತ್ತಿದೆ, ಹರಿಯಲಿ, ಅಯ್ಯೋ ಹರಿಯಬಾರದು, ಇನ್ನು ನಳ ಬರುವುದು ನಾಡಿದ್ದೇ, ಬಾಗಿ ತಿರುಪು ಮುಚ್ಚಿದಳು, ಹಿಡಿಯಲು ಮರೆತ ಎರಡನೆಯ ಕೊಡ ಖಾಲಿಯೇ ಉಳಿಯಿತು. ಹೊಸ್ತಿಲ ಮೇಲೆ ಏಳು ವರ್ಷದ ಲುಂಬಿನಿ, ಒಂದೇ ಕಾಲಿಗೆ ಸಾಕ್ಸು, ತಾಯಿಯ ಮುಖ ನೋಡಿ ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ. ಏನವ್ವ? ಏನಿಲ್ಲ. ನಾಲ್ಕು ದಿನದಿಂದ, ಸಂಗೀತದವರು ದೂರು ಕೊಟ್ಟು ಕಂತಿನ ದನಿ ನಿಂತಾಗಿನಿಂದ, ಮಗು ಹೀಗೇ ಏನೋ ನುಂಗಿಕೊಂಡು ಶಾಲೆಗೆ ಹೋಗುತ್ತಿದೆ. ಆ ಕಂತಿನಲ್ಲಿ ಇವಳ ಆಯಿ ಇದ್ದಾಳೆ, ಮೈತ್ರಿಯ ತಾಯಿ ಅನಸುಬಾಯಿ, ಹೋದ ವರ್ಷ ತೀರಿಕೊಳ್ಳುವ ಮುಂಚೆ ಹಿತ್ತಲಲ್ಲಿ ಕೂತು ಜೋಳ ಕೇರುತ್ತ ನರಿಯ ಕತೆ ಹೇಳಿದ್ದಳು, ಮೊರ ಏಳುತ್ತದೆ, ಇಳಿಯುತ್ತದೆ, ಸರ್ ಸರ್ ಎನ್ನುತ್ತದೆ, ಒಂದು ಕಾಳೂ ಹೊರಗೆ ಬೀಳುವುದಿಲ್ಲ, ಫೋನ್ ಯಾಕ ಹಿಡದಿ ನನ್ನ ಮಾರಿ ಮುಂದ, ನಾ ಏನು ಮಂತ್ರಿ ಏನು? ಮಾತಾಡು ಅವ್ವ, ಊರೆಲ್ಲ ಕೇಳ್ತದ. ಯಾಕ, ಊರಿಗಿ ಕೆಲಸ ಇಲ್ಲೇನು? — ಆಮೇಲೆ ಕೇಳಿಸಿಕೊಂಡಾಗ ಆ ಸರ್ ಸರ್ ಬರೀ ಗದ್ದಲ ಎನಿಸಿತ್ತು ಮೈತ್ರಿಗೆ, ಬೇರೆಯವರ ಪಾಡ್‌ಕಾಸ್ಟು ಎಷ್ಟು ನುಣುಪು, ಗದ್ದಲ ಅಳಿಸುವ ಗುಂಡಿ ಒತ್ತಿದಳು, ಮೊರ ಹೋಯಿತು, ಹೋದ ಜಾಗ ಬಣಬಣ ಎಂದಿತು, ಅಲ್ಲಿಗೆ ರಾಯಲ್ಟಿ ಫ್ರೀ ಎಂದು ಬರೆದಿದ್ದ ಕೊಳಲೊಂದನ್ನು ತಂದು ಹಾಕಿದಳು, ಫ್ರೀ ಅಂದರೆ ಫುಕಟ್ ಎಂದುಕೊಂಡು, ಫೋನಿನಲ್ಲಿ ಜಾಗವಿಲ್ಲವೆಂದು ಮೂಲದ್ದನ್ನು — ಬೇಡ, ಅದನ್ನು ನೆನೆಯಬಾರದು — ಮೂಲದ್ದನ್ನು ಅಳಿಸಿದಳು. ವಾಡಿ ಪಟ್ಟಣದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಅಣ್ಣ ದೇವಾನಂದ ಫೋನಿನಲ್ಲೇ ನಕ್ಕಿದ್ದ, ಫ್ರೀ ಅಂದ್ರ ಫುಕಟ್ ಅಲ್ಲ ತಂಗಿ, ಸಂತ್ಯಾಗ ರುಚಿ ನೋಡ್ಲಿಕ್ಕ ಬೆಲ್ಲ ಕೊಡ್ತಾರಲ್ಲ, ಬಾಯಾಗ ಹಾಕ್ಕೋಬೇಕು, ಚೀಲ ತುಂಬ್ಕೊಂಡು ಬಂದು ಓಣ್ಯಾಗ ಹಂಚಿದ್ರ ಹಿಡಿಯಂಗಿಲ್ಲೇನು? ನಕ್ಕು ಮುಗಿದ ಮೇಲೆ ಸಂಗೀತ, ಸದ್ದು ಕೊಡುವ ಮೂರು ಸೇವೆಗಳ ಹೆಸರು ಕಳಿಸಿದ, ಇದರಾಗ ಒಂದು ಆರಿಸ್ಕೋ, ಮುಂದಿನ ಕಂತಿಗಿ ಆಗ್ತದ. ಮತ್ತ ಅವ್ವನ ಕಂತಿಗಿ? ಅದು ಹಾಲಿನಾಗ ನೀರು ಬೆರಸಿದಂಗ ಆಗ್ಯದವ್ವ, ನಾ ಬ್ಯಾರೆ ಮಾಡ್ಲಿಕ್ಕ ನೋಡ್ದೆ, ಅವ್ವನ ದನಿ ಡಬ್ಬಿದಾಗಿಂದ ಬಂದಂಗ ಬರ್ಲಿಕತ್ತದ. ಆದರೂ ಈಗ ನೀರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮೈತ್ರಿ ಮೂರನ್ನೂ ತೆರೆಯುತ್ತಾಳೆ, ಒಂದರಲ್ಲಿ ಒಮ್ಮೆ ಕೊಂಡರೆ ಕೊನೆಯವರೆಗೂ ನಡೆಯುತ್ತದೆ, ಇನ್ನೊಂದರಲ್ಲಿ ಚಂದಾ ನಿಂತರೆ ಹೊಸ ಕಂತಿಗೆ ಹಾಕುವಂತಿಲ್ಲ, ಮೂರನೆಯದರಲ್ಲಿ ಮಾಡಿದವರ ಹೆಸರು ಹೇಳಿದರೆ ಸಾಕು, ಒಳ್ಳೆಯವರು, ಎಲ್ಲರೂ ಒಳ್ಳೆಯವರೇ, ಸಾವಿರ ಸದ್ದುಗಳು, ಬಾಗಿಲು, ಗುಡುಗು, ಯಾವುದೋ ದೇಶದ ರೈಲು, ಅವ್ವನ ಮೊರದ ಸದ್ದಾದರೂ ಸಿಕ್ಕೀತೆಂದು ಮೊರ ಎಂದು ಬರೆದರೆ ಏನೂ ಇಲ್ಲ, ಧಾನ್ಯ ಎಂದರೆ ಗಾಜಿನ ಬಟ್ಟಲಿಗೆ ಏನೋ ಸುರಿಯುತ್ತಾರೆ, ಕೊನೆಗೆ ಹತ್ತಿರದ್ದು ಸಿಕ್ಕಿತು, ಸರ್, ಸರ್, ಕಣ್ಣು ಮುಚ್ಚಿದಳು, ಮೊರ ಎದ್ದಿತು — ಕೆಳಗೆ ಬರೆದಿತ್ತು, ಸಮುದ್ರದ ಅಲೆ. ಅನಸುಬಾಯಿ ಸಮುದ್ರವನ್ನೇ ನೋಡಿರಲಿಲ್ಲ. ಮೊರ ಎದ್ದಲ್ಲೇ ನಿಂತಿದೆ, ಕಾಳು ಗಾಳಿಯಲ್ಲಿ ನಿಂತಿವೆ, ಒಂದೂ ಇಳಿಯುವುದಿಲ್ಲ — ಲುಂಬಿನಿ ಹೊಸ್ತಿಲು ದಾಟಿ ಬಂದು ಒದ್ದೆ ಫರ್ಸಿಯ ಮೇಲೆ ಅವಳ ಪಕ್ಕಕ್ಕೆ ಕೂತಳು, ಸಾಕ್ಸು ನೆನೆಯಿತು, ಈ ಸಲ ಬಾಯಿ ಮುಚ್ಚಲಿಲ್ಲ.

ಯವ್ವಾ, ಬರೇ ಆಯಿ ದನಿ ಅಷ್ಟ ಇದ್ರ ಸಾಲ್ತಿದ್ದಿಲ್ಲೇನು?