ಹೊಳೆಯ ಮಣ್ಣು

ಕಡಲೆ ಕೀಳುವ ಸುಗ್ಗಿ. ಬೆಳವಣಕಿ ದಾಟಿದರೆ ಎರಿಹೊಲಗಳ ತುಂಬ ಕಿತ್ತ ಗಿಡಗಳ ಗುಂಪೆ. ಖಾಲಿ ಟ್ರೇಲರ್ ಕುಣಿಸುತ್ತ ಬರುತ್ತಿದ್ದ ಟ್ರ್ಯಾಕ್ಟರಿಗೆ ಸುವರ್ಣಾ ರಸ್ತೆಯ ನಡುವೆಯೇ ನಿಂತು ಕೈಮಾಡಿದಳು. ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟೊಂದಿತ್ತು.

"ಎಲ್ಲಿಗ್ರಿ ಅಕ್ಕಾರ?" ಚಾಲಕ ಕೇಳಿದ.

"ಯಾವಗಲ್ಲಿಗೆ. ಹೂವಪ್ಪ ಮಾಸ್ತರ ಮಣ್ಣಿಗೆ."

"ನಾನೂ ಅಲ್ಲಿಗೇ. ಹತ್ರಿ ಲಗೂ. ಮಾಲಕರ ಕಡ್ಲಿ ಇಳಿಸೂದ್ರಾಗ ಹೊತ್ತಾತು. ಕುಣಿ ಮುಚ್ಚಿದ್ರೂ ಮುಚ್ಚಿರಬಹುದು."

ಪಕ್ಕದಲ್ಲಿ ಕುಳಿತವಳ ಮುಖವನ್ನು ಅವನು ಎರಡು ಸಲ ನೋಡಿದ.

"ನೀ ಹೊಳಿ ಸುವರ್ಣಿ ಅಲ್ಲಾ?"

ಆ ಹೆಸರಿನಿಂದ ಯಾರೂ ಕರೆಯದೆ ಎಷ್ಟೋ ವರ್ಷಗಳಾಗಿದ್ದವು. "ಹೂಂ, ಕೊಟ್ರ್ಯಾ. ಈಗ ಹುಬ್ಬಳ್ಳ್ಯಾಗ ಇರತೀನಿ. ಸಾಲಿ ಗ್ರೂಪಿನ್ಯಾಗ ಸುದ್ದಿ ನೋಡಿ ಬಂದೆ."

"ಹುಬ್ಬಳ್ಳಿಂದ ನರಗುಂದದ ಮ್ಯಾಲ ನೆಟ್ಟಗ ಬಂದಿದ್ರ ಮುಂಜಾನೇನ ಮುಟ್ಟತಿದ್ದಿ. ಈ ಕಡಿಯಿಂದ ಯಾಕ ಬಂದಿ? ನಾಕ ದಿಕ್ಕು ಕಲಿಸಿದ ಮಾಸ್ತರ ಮಣ್ಣಿಗೆ ದಿಕ್ಕ ತಪ್ಪಿಸಿಕೊಂಡ ಬಂದ್ಯಾ?"

"ರೈಲಿಗೆ ಬಂದು ಹೊಳಿಆಲೂರಾಗ ಇಳಿದೆ. ಕೆಲಸಿತ್ತು."

ಕೊಟ್ರೇಶ ಗಂಟಿನ ಕಡೆ ನೋಡಿದ. ಗಾಡಿಯ ವೇಗ ಹೆಚ್ಚಿಸಿದ.

*

ಹೊಳೆ ಬಂದು ಮನೆ ಹೋದ ವರ್ಷ ಅವಳ ಅಪ್ಪ ಹೊಳೆಆಲೂರು ಬಿಟ್ಟು ಯಾವಗಲ್ಲಿಗೆ ಕೂಲಿಗೆ ಬಂದಿದ್ದ. ಅವಳಾಗ ನಾಲ್ಕನೇ ಇಯತ್ತೆ. ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ ಬರೆಯಿರೆಂದು ಮಾಸ್ತರರು ಹೇಳಿದಾಗ ಉಳಿದವರು ಅಗಸಿ, ಬಾವಿ, ಗುಡಿ ಬರೆದರು. ಸುವರ್ಣಾ ಪಾಟಿಯ ತುಂಬ ಹೊಳೆ ಬರೆದು, ದಂಡೆಯ ಮೇಲೆ ಮನೆ ಬರೆದಳು. ಶಾಲೆಗೆ ಜಾಗವೇ ಉಳಿಯಲಿಲ್ಲ.

"ಇಕೀ ಮನಿ ನೀರಾಗ ಐತ್ರಿ ಸರ," ಎಂದು ಕೊಟ್ರೇಶ ಎಲ್ಲರನ್ನೂ ನಗಿಸಿದ.

ಮಾಸ್ತರರು ಪಾಟಿಯನ್ನು ಬಹಳ ಹೊತ್ತು ನೋಡಿದರು. "ಹುಡುಗೀದೇನ ತಪ್ಪಿಲ್ಲೋ. ನಮ್ಮ ನಕ್ಷಿ ಸಣ್ಣದಾತು."

ಮರುದಿನ ಅಂಗಳದಲ್ಲಿ ಹೊಸ ನಕ್ಷೆ ಶುರುವಾಯಿತು. ಅಳತೆ ಮೂರು ಮೈಲಿಯ ಹರದಾರಿಗೆ ಒಂದು ಗೇಣು. ಹೊಲಗಳಿಗೆ ಹುಡುಗರು ಕರಿ ಎರಿಮಣ್ಣು ಹರವಿದರು. ಗಜೇಂದ್ರಗಡದ ಗುಡ್ಡಕ್ಕೆ ಅಲ್ಲಿಂದಲೇ ಯಾರೋ ಚೀಲದಲ್ಲಿ ಕೆಂಪು ಮಣ್ಣು ತಂದರು. ಬಡಗಣದಲ್ಲಿ ಮಾಸ್ತರರು ಕೋಲಿನಿಂದ ಸೊಟ್ಟಗೆ ಒಂದು ಗೆರೆ ತೋಡಿದರು.

"ಇದು ನಿನ್ನ ಹೊಳಿ. ಇದರ ಮಣ್ಣ ನೀನ ತರಬೇಕು."

"ತರತೀನ್ರಿ."

ಅವಳು ಮಣ್ಣಿಗೆಂದು ಹೊಳೆಆಲೂರಿಗೆ ಹೋಗುವ ಮೊದಲೇ ಅಪ್ಪ ಗೋವಾದ ಕೆಲಸಕ್ಕೆ ಗಂಟುಮೂಟೆ ಕಟ್ಟಿದ. ಅವಳ ಶಾಲೆ ಅಲ್ಲಿಗೇ ಮುಗಿಯಿತು.

*

ಟ್ರ್ಯಾಕ್ಟರು ಮಾಸ್ತರರ ಹೊಲ ಮುಟ್ಟುವಷ್ಟರಲ್ಲಿ ಭಜನೆ ನಿಂತಿತ್ತು. ಎಲ್ಲರೂ ಹಿಡಿಮಣ್ಣು ಕೊಟ್ಟಾಗಿತ್ತು. ಕುಣಿ ನೆಲಮಟ್ಟಕ್ಕೆ ತುಂಬಿತ್ತು. ಸುವರ್ಣಾ ಮಂದಿಯ ನಡುವೆ ನುಗ್ಗಿ ಗಂಟು ಬಿಚ್ಚಿದಳು. ಬೂದುಬಣ್ಣದ ಮಣ್ಣು ಕಂಡು ಮಾಸ್ತರರ ತಮ್ಮ ಫಕೀರೇಶ ಕೈ ಅಡ್ಡ ಹಿಡಿದ.

"ಏನದು? ಪರಊರ ಮಣ್ಣ ಹಾಕೂ ಪದ್ಧತಿ ನಮ್ಮಲ್ಲಿಲ್ಲ. ಬೇಕಾದ್ರ ಇಲ್ಲಿದ ಒಂದ ಹಿಡಿ ಹಾಕವ್ವ."

"ತರತೀನಿ ಅಂದಿದ್ದೆನ್ರಿ," ಎಂದಳು ಸುವರ್ಣಾ.

ಬೇವಿನ ಬುಡದಲ್ಲಿ ಕುಳಿತಿದ್ದ ರೇಣುಕವ್ವ, ಮಾಸ್ತರರ ಹೆಂಡತಿ, ತಲೆ ಎತ್ತಿದಳು. "ಯಾವ ಮಣ್ಣವ್ವ ಅದು?"

"ಹೊಳಿದ್ರಿ, ಅವ್ವಾರ."

ರೇಣುಕವ್ವ ಎದ್ದು ಗಂಟಿನ ಹತ್ತಿರ ಬಂದಳು. "ರಿಟೈರ್ ಆಗೂತನಕ ಪ್ರತಿ ವರ್ಷಾ ಆ ನಕ್ಷಿ ಮಾಡಸತಿದ್ರು. ವರ್ಷಾ ಆ ಗೆರಿ ಖಾಲಿ. ಹಿತ್ತಲ ಮಣ್ಣರ ಹಾಕ್ರಿ, ಯಾರಿಗೆ ಗೊತ್ತಾಗತೈತಿ ಅಂದ್ರ, ಅದನ್ನ ತರಾಕಿ ಬ್ಯಾರೆ ಅದಾಳ ಅಂತಿದ್ರು." ಮೈದುನನ ಕಡೆ ತಿರುಗಿದಳು. "ಫಕೀರೇಶಾ, ಕೈ ತಗಿ."

ಮುಂಜಾನೆ ಹಸಿಯಿದ್ದ ಮಣ್ಣು ದಾರಿಯ ಬಿಸಿಲಿಗೆ ಒಣಗಿ ಪುಡಿಯಾಗಿತ್ತು. ಸುವರ್ಣಾಳ ಕೈಯಿಂದ ಅದು ಕರಿ ಹೆಂಟೆಗಳ ಮೇಲೆ ಸೊಟ್ಟಸೊಟ್ಟಗೆ ಸುರಿಯಿತು, ಪಡುವಣದಿಂದ ಮೂಡಣಕ್ಕೆ.

ಮಣ್ಣು ಇನ್ನೂ ಏರಿಸಬೇಕಿತ್ತು. ಕೊಟ್ರೇಶ ಸಲಿಕೆ ತುಂಬಿ ಎತ್ತಿದವನು ತಡೆದು ನಿಂತ. ಆಮೇಲೆ ಆ ಬೂದು ಗೆರೆಯನ್ನು ಬಿಟ್ಟು, ಅದರ ಎರಡೂ ದಂಡೆಗೆ ಸಾವಕಾಶ ಎರಿಮಣ್ಣು ಎಳೆಯತೊಡಗಿದ.