ಖಾಲಿ ಕುರ್ಚಿಗೆ ಬಡಿಸಿದ ದೋಸೆ

ವೇಲಚೇರಿಯಲ್ಲಿ ಸುಮತಿ ಮತ್ತು ರಾಮದಾಸ ದಂಪತಿಗಳ ಹೋಟೆಲು ಹಗಲೂ ರಾತ್ರಿಯೂ ಬಾಗಿಲು ಹಾಕುವುದಿಲ್ಲ. ಸುತ್ತಲೂ ಐಟಿ ಕಚೇರಿಗಳು. ಯಾರಿಗೆ ಯಾವ ಹೊತ್ತಿಗೆ ಹಸಿವಾಗುತ್ತದೋ ಹೇಳಲು ಬಾರದು. ಗಿರಾಕಿಗಳಿಗೆ ಬರವಿರಲಿಲ್ಲ. ಜಗಳವಿದ್ದುದೆಲ್ಲ ಒಂದೇ ಮಾತಿಗೆ: ರಾತ್ರಿ ಪಾಳಿಗೆ ಯಾರು?

"ನಂಗಾಗಲ್ಲಪ್ಪ," ಎಂದು ಎಲ್ಲರೂ ಮುಖ ತಿರುಗಿಸುವವರೇ. ಕೊನೆಗೆ ಸುಮತಿಯೇ ಕುಳಿತು ಪಾಳಿ ಹಂಚಿದಳು. ಇವತ್ತು ರಾತ್ರಿ ದುಡಿದವನಿಗೆ ನಾಳೆ ಸಂಜೆಯ ಪಾಳಿ, ನಾಡಿದ್ದು ಬೆಳಗಿನದು, ಆಮೇಲೆ ಮತ್ತೆ ರಾತ್ರಿ. ಎಲ್ಲರಿಗೂ ಎಲ್ಲವೂ ಸಮ. ಅಡುಗೆಯ ಕೆಲಸಕ್ಕಿದ್ದ ಸ್ವಂತ ಮೈದುನ ಪ್ರಮೋದನಿಗೂ ವಿನಾಯಿತಿ ಕೊಡಲಿಲ್ಲ. ಜಗಳ ನಿಂತಿತು. ತನ್ನ ನ್ಯಾಯದ ಬಗ್ಗೆ ಸುಮತಿಗೆ ಒಳಗೊಳಗೇ ಹೆಮ್ಮೆ.

ಹೀಗಿರುವಾಗ ಒಂದು ಮಧ್ಯಾಹ್ನ. ಊಟದವರೆಲ್ಲ ಎದ್ದುಹೋಗಿ ಹೋಟೆಲು ಬರಿದಾಗಿತ್ತು. ಹೊರಗೆ ಬಿಸಿಲು ಬೆಳ್ಳಗೆ ಸುಡುತ್ತಿತ್ತು. ಪ್ರಮೋದ ಒಳಗಿನಿಂದ ದೋಸೆಯ ತಟ್ಟೆ ಹಿಡಿದು ಬಂದ. ಗೋಡೆಯ ಪಕ್ಕದ ಮೂಲೆ ಟೇಬಲ್ಲಿಗೆ ಹೋಗಿ ಇಟ್ಟ. ಅಲ್ಲಿ ಯಾರೂ ಇರಲಿಲ್ಲ.

"ಚಟ್ನಿ ಇನ್ನೊಂಚೂರು ಹಾಕ್ಲಾ ಸಾರ್?"

ಉತ್ತರಕ್ಕೆ ಕಿವಿಯೊಡ್ಡಿ ಬಾಗಿ ನಿಂತ. ಗಿರಾಕಿ ಏನೋ ತಮಾಷೆ ಮಾಡಿದಾಗ ನಗುವಂತೆ ಸಣ್ಣಗೆ ನಕ್ಕ. "ಆಯ್ತು ಸಾರ್, ಇನ್ನೊಂದು ತರ್ತೀನಿ," ಎಂದು ಒಳಗೆ ನಡೆದ.

ಗಲ್ಲಾದಲ್ಲಿದ್ದ ಸುಮತಿ ಬಾಯಿಬಿಟ್ಟಳು. "ಪ್ರಮೋದ, ಯಾರಿಗೋ ದೋಸೆ?"

"ಆ ಹಸಿರು ಶರ್ಟಿನವರಿಗೆ ಅತ್ತಿಗೆ. ದಿನಾ ಬರ್ತಾರಲ್ಲ."

ಸುಮತಿ ಮತ್ತೆ ಮೂಲೆಯತ್ತ ನೋಡಿದಳು. ದೋಸೆಯಿಂದ ಹಬೆ ಏಳುತ್ತಿತ್ತು. ಕುರ್ಚಿ ಒಂದಿಷ್ಟು ಹಿಂದೆ ಸರಿದಿತ್ತು, ಯಾರೋ ಈಗಷ್ಟೇ ಎಳೆದುಕೊಂಡು ಕುಳಿತಂತೆ.

ಸುದ್ದಿ ಅಡುಗೆಮನೆಗೆ ಹೋಗಲು ಎಷ್ಟು ಹೊತ್ತು? ಮಾರನೆಯ ದಿನ ಸಾಂಬಾರಿನ ಭೋಜರಾಜನೂ ಬಂದು ಪಿಸುಗುಟ್ಟಿದ. "ಸತ್ಯಮಾ, ನಿಜವಾಗ್ಲೂ ಅಕ್ಕಾ, ನಾನೂ ನೋಡ್ದೆ. ಶರ್ಟು ಕಾಣುತ್ತೆ. ಮುಖ ಇರೋ ಜಾಗದಲ್ಲಿ ಏನೂ ಇಲ್ಲ."

"ತಿಂದು ಬಿಲ್ಲು ಕೊಡದೆ ಹೋಗ್ತಾನೆ ಅಂದ್ರೆ ದೆವ್ವ ಅಲ್ಲ, ನಮ್ಮ ನೆಂಟನೇ ಇರ್ಬೇಕು," ಎಂದು ರಾಮದಾಸ ನಗಲು ನೋಡಿದ. ಆದರೆ ಸಂಜೆ ಹೊಸ್ತಿಲಲ್ಲಿ ಬೂದುಗುಂಬಳಕಾಯಿ ಒಡೆದವನೂ ಅವನೇ. ಹಸಿರು ಶರ್ಟು ಕುಂಬಳಕಾಯಿಗೆ ಹೆದರಲಿಲ್ಲ. ಪ್ರಮೋದ ಖಾಲಿ ಕುರ್ಚಿಯೊಡನೆ ಮಾತಾಡುತ್ತಲೇ ಇದ್ದ. ಸುಮತಿ ಈಗ ಆ ಮೂಲೆಗೆ ಬೆನ್ನು ಹಾಕಿ ಕೂರಲೂ ಅಳುಕುತ್ತಿದ್ದಳು.

ಆ ವಾರ ನೀರಜಾ ಕಾಫಿಗೆ ಬಂದಳು. ಸುಮತಿಯೂ ಅವಳೂ ಪುರಸೈವಾಕ್ಕಂನಲ್ಲಿ ಒಂದೇ ಬೀದಿಯಲ್ಲಿ ಬೆಳೆದವರು. ನೀರಜಾ ಈಗ ಒಂದು ಆಸ್ಪತ್ರೆಯಲ್ಲಿ ನರ್ಸುಗಳ ಮೇಲ್ವಿಚಾರಕಿ. ವಾರ್ಡಿನವರಿಗೆಲ್ಲ ಡ್ಯೂಟಿ ಹಾಕುವುದು ಅವಳದೇ ಕೆಲಸ. ಕಥೆ ಕೇಳಿ ಅವಳು ನಗಲಿಲ್ಲ.

"ಪ್ರಮೋದ ನೆಟ್ಟಗೆ ಮಲಗಿದ್ದು ಯಾವಾಗ, ಅದನ್ನ ಹೇಳು ಮೊದ್ಲು."

"ಪಾಳಿ ಪಾಳಿ ಮಧ್ಯೆ ಎಂಟು ಗಂಟೆ ಬಿಡುವು ಕೊಟ್ಟಿದೀನಿ ಕಣೇ! ಸಾಲ್ದಾ?"

"ಬಿಡುವು ಕೊಟ್ಟೆ. ನಿದ್ದೆ ಕೊಟ್ಟೆಯಾ? ಮನೆ ಇರೋ ತಾಂಬರಂಗೆ ಬಸ್ಸು, ಸ್ನಾನ, ತಿಂಡಿ, ಮನೇಲಿ ಕೈಗೂಸು ಬೇರೆ. ಕಣ್ಣು ಮುಚ್ಚೋ ಹೊತ್ತಿಗೆ ವಾಪಸ್ ಹೊರಡಬೇಕು."

"ಸುಮ್ನಿರೇ, ಚಿಕ್ಕ ವಯಸ್ಸು, ತಡ್ಕೋತಾನೆ. ಒಬ್ಬನಿಗೆ ಬಿಟ್ಟುಕೊಟ್ರೆ ಮಿಕ್ಕವರು ನನ್ನ ಸುಮ್ನೆ ಬಿಡ್ತಾರಾ?"

ಅಷ್ಟರಲ್ಲಿ ಒಳಗೆ ಸೌಟಿನ ಸದ್ದು ನಿಂತಿತು. ಎಣ್ಣೆ ಮಾತ್ರ ಚುರುಗುಟ್ಟುತ್ತಿತ್ತು. ಅದರ ಜೊತೆ ಇನ್ನೊಂದು ಸದ್ದು, ತೀರಾ ಮೆಲುವಾದ ಗೊರಕೆ.

ಇಬ್ಬರೂ ಇಣುಕಿದರು. ವಡೆಯ ಬಾಣಲೆಯ ಮುಂದೆ ಪ್ರಮೋದ ನೆಟ್ಟಗೆ ನಿಂತಿದ್ದ. ಕಣ್ಣು ಅಗಲವಾಗಿ ತೆರೆದೇ ಇತ್ತು. ಗೊರಕೆ ಅವನದೇ. ಬರಿಗೈ ಕುದಿಯುವ ಎಣ್ಣೆಯ ಕಡೆಗೆ ನಿಧಾನವಾಗಿ ಇಳಿಯುತ್ತಿತ್ತು, ಹೊಳೆಯ ನೀರು ಮುಟ್ಟಲು ಬಗ್ಗುವ ಮಗುವಿನ ಹಾಗೆ.

"ಪ್ರಮೋದಾ!"

"ಬಂದೆ ಸಾರ್," ಎಂದು ಅವನು ನಕ್ಕ. ಕೈ ನಿಲ್ಲಲಿಲ್ಲ.

ಸುಮತಿ ಹಾರಿಹೋಗಿ ಅವನ ತೋಳನ್ನು ಹಿಂದಕ್ಕೆ ಎಳೆದಳು. ಅವನ ಇನ್ನೊಂದು ಕೈಯಲ್ಲಿದ್ದ ಜಾಲರಿ ಸೌಟು ಬಾಣಲೆಗೆ ಬಿದ್ದು ಎಣ್ಣೆ ಸಿಡಿದು ಅವಳ ಮಣಿಕಟ್ಟನ್ನು ಸುಟ್ಟಿತು. ನೀರಜಾ ಗ್ಯಾಸು ಆರಿಸಿ, ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು.

ಪ್ರಮೋದ ಕಣ್ಣುಜ್ಜಿಕೊಂಡ. "ಯಾಕತ್ತಿಗೆ, ಬೆಳಬೆಳಗ್ಗೆ ಹೀಗೆ ಕೂಗ್ತೀರ?"

ಕಿಟಕಿಯಾಚೆ ಹೊತ್ತು ಮುಳುಗಲು ಬಂದಿತ್ತು.

ಗದ್ದಲ ಕೇಳಿ ರಾಮದಾಸ ಓಡಿಬಂದ. ನೀರಜಾ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದಳು: "ನಿದ್ದೆ ತೀರಾ ಕೆಟ್ಟರೆ ಮೆದುಳು ನಮ್ಮನ್ನ ಕೇಳೋದಿಲ್ಲ. ನಿಂತಲ್ಲೇ ಒಂದು ಗಳಿಗೆ ಮಲಗಿಬಿಡುತ್ತೆ. ಕಣ್ಣು ತೆರೆದೇ ಇರುತ್ತೆ, ಇಲ್ಲದವರು ಕಾಣ್ತಾರೆ. ಭೋಜರಾಜನೂ ನಿದ್ದೆಗೆಟ್ಟವನೇ. ಇವನು ಹೇಳಿದ ಹಸಿರು ಶರ್ಟು ಅವನ ತಲೆಗೂ ಹೊಕ್ಕಿತು. ಕುಂಬಳಕಾಯಿ ಸಾಕು, ಪಾಳಿ ಬದಲಾಯಿಸಿ."

"ಹೇಗೆ ಅಂತ ಹೇಳು," ಅಂದಳು ಸುಮತಿ. ದನಿಯಲ್ಲಿ ಮೊದಲಿನ ಬಿಗುವಿರಲಿಲ್ಲ.

"ನೀನು ಹಿಂದುಮುಂದಾಗಿ ಓಡಿಸ್ತಿದೀಯ. ರಾತ್ರಿಯಿಂದ ಸಂಜೆಗೆ, ಸಂಜೆಯಿಂದ ಬೆಳಗ್ಗೆಗೆ ಬೇಡ. ಮೊದಲು ಬೆಳಗ್ಗೆ, ಆಮೇಲೆ ಸಂಜೆ, ಆಮೇಲೆ ರಾತ್ರಿ. ಮೈಗೆ ಅದು ಸುಲಭ. ಒಂದು ಪಾಳಿ ಮುಗಿದು ಇನ್ನೊಂದು ಶುರುವಾಗೋಕೆ ಹನ್ನೊಂದು ಗಂಟೆಯಾದ್ರೂ ಬೇಕು. ದೂರದವರಿಗೆ ಇನ್ನೂ ಜಾಸ್ತಿ ಇರ್ಲಿ. ರಾತ್ರಿ ಪಾಳಿ ಸಾಲಾಗಿ ಮೂರಕ್ಕಿಂತ ಹೆಚ್ಚು ಬೇಡ, ಮುಗಿದ ಮೇಲೆ ಎರಡು ರಾತ್ರಿ ಮನೇಲೇ ಮಲಗ್ಲಿ. ತೂಕಡಿಸೋರನ್ನ ಎಣ್ಣೆ ಹತ್ರ, ಗ್ರೈಂಡರ್ ಹತ್ರ ಬಿಡಲೇಬೇಡ. ಚೆನ್ನಾಗಿ ನಿದ್ದೆ ಮಾಡಿದ ಮೇಲೂ ಯಾರಾದ್ರೂ ಕಂಡ್ರೆ, ಕಂಡಿಪ್ಪಾ, ಖಂಡಿತವಾಗ್ಲೂ ಡಾಕ್ಟರ್ ಹತ್ರ ಕರ್ಕೊಂಡ್ ಹೋಗು."

"ಹಾಗಾದ್ರೆ ಇನ್ನೊಬ್ಬ ಆಳು ಬೇಕಾಗುತ್ತಲ್ಲ," ರಾಮದಾಸ ಗೊಣಗಿದ. ಹೆಂಡತಿಯ ಮಣಿಕಟ್ಟಿನ ಮೇಲೆದ್ದ ಬೊಬ್ಬೆಯನ್ನು ನೋಡಿದ, ತಮ್ಮನ ಕೈಗಳನ್ನು ನೋಡಿದ. "ತಗೊಳ್ಳೋಣ ಬಿಡು. ನಾಳೆನೇ ಹೇಳಿಕಳಿಸ್ತೀನಿ."

ಎಲ್ಲರಿಗೂ ಸಮವಾಗಿ ಹಂಚಿದ್ದು ನ್ಯಾಯವೆಂದುಕೊಂಡಿದ್ದೆನಲ್ಲ, ಎಲ್ಲರಿಗೂ ಸಮವಾಗಿ ಹಂಚಿದ್ದು ನಿದ್ದೆಗೇಡನ್ನೇ ಎಂದು ಸುಮತಿಗೆ ಆಗ ಹೊಳೆಯಿತು.

ಪ್ರಮೋದನನ್ನು ಬಸ್ಸು ಹತ್ತಿಸಲಿಲ್ಲ. ಅವನ ಮನೆಗೆ ಫೋನು ಮಾಡಿ ಹೇಳಿ, ಮಹಡಿಯ ಕೋಣೆಯಲ್ಲಿ ಚಾಪೆ ಹಾಸಿ ಮಲಗಿಸಿದರು. ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಸುಮತಿ ಮತ್ತೆ ಮತ್ತೆ ಮೇಲೆ ಹೋಗಿ ನೋಡಿದಳು. ಬೆಳಕು ಹರಿಯುವ ಹೊತ್ತಿಗೆ ಅವನ ತುಟಿ ಅಲುಗಿತು. ಈ ಸಲ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು.

"ಹೋಗಿ ಬನ್ನಿ ಸಾರ್," ನಿದ್ದೆಯಲ್ಲೇ ಅಂದ. "ಹೋಟ್ಲು ಮುಚ್ಚಿದೆ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದೂ ಹಗಲಿರುಳು ತೆರೆದಿರುವ ಹೋಟೆಲೋ, ಅಂಗಡಿಯೋ ಇರಬಹುದು. ನಿಮ್ಮ ಮನೆಯವರೇ ಅಂಥ ಕಡೆ ದುಡಿಯುತ್ತಿರಬಹುದು. ಕರೆದರೆ ಓಗೊಡದೆ, ಕಣ್ಣು ತೆರೆದೇ ಎಲ್ಲೋ ನೋಡುತ್ತ ನಿಂತವರನ್ನು ಕಂಡರೆ ಗದರಬೇಡಿ, ದೃಷ್ಟಿ ತೆಗೆಯುತ್ತ ಕೂರಲೂಬೇಡಿ. ಒಲೆಯಿಂದ ದೂರ ಕರೆತಂದು ಮಲಗಿಸಿ. ಮುಂದಿನ ವಾರದ ಪಾಳಿ ಹಾಕಲು ಕುಳಿತಾಗ ಒಬ್ಬೊಬ್ಬರ ನಿದ್ದೆಯ ಹೊತ್ತನ್ನು ಮೊದಲು ಬರೆಯಿರಿ. ಕೆಲಸವನ್ನು ಉಳಿದ ಜಾಗದಲ್ಲಿ ಬರೆದರಾಯಿತು.